ಜಾವಾ ಎಂಜಿನ್ನಿನ ಮೂರು ಬಣ್ಣ

ಹೋದ ಫೆಬ್ರವರಿಯಲ್ಲಿ, ಕೊನೆಯ ಕೊಯ್ಲಿನ ಕಾಫಿ ಕಣದಲ್ಲಿ ಒಣಗುತ್ತಿದ್ದ ದಿನಗಳಲ್ಲಿ, ನಾನು ಅಪ್ಪನ ಜಾವಾ ಬೈಕಿನ ಸಿಲಿಂಡರನ್ನು ತಂತಿ ಬ್ರಷ್ಷಿನಿಂದ ಉಜ್ಜುತ್ತಾ ಕೂತಿದ್ದೆ. ಮೊದಲು ಬೆಳ್ಳಿ ಬಣ್ಣ ಉದುರಿತು. ಅದರ ಅಡಿಯಲ್ಲಿ ಕಪ್ಪು. ಕಪ್ಪನ್ನೂ ಉಜ್ಜಿದರೆ ಫಿನ್ನುಗಳ ಸಂದಿಯಲ್ಲಿ ಹಸಿರು ಕಂಡಿತು. ಎಂಜಿನ್ನಿಗೆ ಹಸಿರು ಬಣ್ಣ ಹೊಡೆದವರನ್ನು ನಾನು ನೋಡಿರಲಿಲ್ಲ. ಜಗಲಿಯಲ್ಲಿ ಕೂತಿದ್ದ ಅಪ್ಪನನ್ನು ಕೇಳಿದೆ.

"ಗೇಟಿಗೆ ಹೊಡೆದು ಉಳಿದದ್ದು ಕಣೋ. ಎಪ್ಪತ್ತೇಳರಲ್ಲಿ. ಒಂದು ತಿಂಗಳಿಗೇ ಸುಟ್ಟು ಸಿಪ್ಪೆ ಎದ್ದಿತ್ತು" ಎಂದರು. ಕಪ್ಪು ಹೊಡೆದಿದ್ದು ಎಂಬತ್ತೆರಡರಲ್ಲಿ. ಬೆಳ್ಳಿ ಬಣ್ಣ ಹೊಡೆದಿದ್ದು ಎಂಬತ್ತೊಂಬತ್ತರಲ್ಲಿ, ಅತ್ತೆಯ ಮದುವೆಗೆ ಮುಂಚೆ. ಅದು ಶೀಟಿಗೂ ಪೈಪಿಗೂ ಹೊಡೆಯುವ ಅಲ್ಯೂಮಿನಿಯಂ ಪೇಂಟು. ಮನೆಯ ಲೆಕ್ಕದ ಪುಸ್ತಕಗಳನ್ನು ಗೆದ್ದಲು ತಿಂದು ಎಷ್ಟೋ ವರ್ಷವಾಯಿತು. ಈ ಸಿಲಿಂಡರಿನ ಮೇಲೆ ಮಾತ್ರ ನಮ್ಮ ಮನೆಯ ಹದಿನೈದಿಪ್ಪತ್ತು ವರ್ಷ ಒಂದರ ಮೇಲೊಂದು ಕೂತಿತ್ತು.

ಗಾಡಿ 1968ರದ್ದು. ಅಪ್ಪ ಅದನ್ನು 1974ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು, ಏಲಕ್ಕಿ ಮಾರಿದ ದುಡ್ಡಿನಲ್ಲಿ. ಆ ಕಾಲದಲ್ಲಿ ಶನಿವಾರಸಂತೆಯ ಸುತ್ತಮುತ್ತ ಬೈಕುಗಳನ್ನು ಬೆರಳಲ್ಲಿ ಎಣಿಸಬಹುದಿತ್ತಂತೆ. ಶನಿವಾರ ಸಂತೆಗೆ ಬಂದವರು ಗಾಡಿಯ ಸುತ್ತ ನಿಂತು ಮಾತಾಡುತ್ತಿದ್ದರಂತೆ. ಅದರ ಮೇಲೆ ಗೊಬ್ಬರದ ಮೂಟೆ ಹೋಗಿದೆ, ಬಾಳೆಗೊನೆ ಹೋಗಿದೆ, ಮದುವೆ ಹೆಣ್ಣು ಹೋಗಿದ್ದಾಳೆ. 1995ರ ಮಳೆಗಾಲದಲ್ಲಿ ಗೋದಾಮಿನ ಮೂಲೆ ಸೇರಿದ ಮೇಲೆ ಮಾತ್ರ ಮೂವತ್ತು ವರ್ಷ ಅದು ಎಲ್ಲಿಗೂ ಹೋಗಲಿಲ್ಲ.

ಯಾಕೆ ನಿಂತಿತು ಎಂದರೆ ನನಗೆ ಗೊತ್ತಿದ್ದ ಉತ್ತರ ಸುಲಭದ್ದು: ಆ ವರ್ಷ ನಾವು ಜೀಪು ತೆಗೆದುಕೊಂಡೆವು. ಆ ಉತ್ತರ ಅರ್ಧ ಮಾತ್ರ ನಿಜ ಎಂದು ತಿಳಿದದ್ದು ಎಂಜಿನ್ ಬಿಚ್ಚಿದ ಮೇಲೆ.

ಮೊದಲು ಈ ಎಂಜಿನ್ ನಮ್ಮವರೆಗೆ ಬಂದ ದಾರಿಯನ್ನು ಹೇಳಬೇಕು. ಅದು ಶುರುವಾಗುವುದು ಪ್ರಾಗ್ ನಗರದಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಚೆಕ್ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿನ್ಯಾಸವನ್ನು ಕೊಂಡು ತಾನೇ ತಯಾರಿಸತೊಡಗಿದ. ತನ್ನ ಹೆಸರಿನ ಮೊದಲ ಎರಡು ಅಕ್ಷರಕ್ಕೆ ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿದಾಗ ಆದದ್ದು 'ಜಾವಾ'. ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ದೇಶ ಜರ್ಮನರ ಕೈಗೆ ಹೋಗಿತ್ತು. ಬೈಕು ತಯಾರಿಸುವಂತಿರಲಿಲ್ಲ. ಆದರೂ ಕಾರ್ಖಾನೆಯ ಎಂಜಿನಿಯರುಗಳು ಗುಟ್ಟಾಗಿ ಹೊಸ ಗಾಡಿಯೊಂದರ ನಕ್ಷೆ ಬರೆಯುತ್ತಿದ್ದರು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅದು 250 ಸಿಸಿಯ 'ಪೇರಾಕ್' ಆಗಿ ಹೊರಬಂತು. ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಮೂರನ್ನೂ ಒಂದೇ ಮೊಟ್ಟೆಯಾಕಾರದ ಕವಚದಲ್ಲಿ ಅಡಗಿಸಿದ್ದು ಅದರ ವಿಶೇಷ. ನಮ್ಮ ಗೋದಾಮಿನಲ್ಲಿದ್ದ ಎಂಜಿನ್ ಅದೇ ಮನೆತನದ್ದು.

ಭಾರತಕ್ಕೆ ಜಾವಾ ಮೊದಲು ಬಂದದ್ದು ಆಮದಾಗಿ, ಮುಂಬಯಿಯ ಇರಾನಿ ಪಾರ್ಸಿ ವ್ಯಾಪಾರಿಗಳ ಮೂಲಕ. ಐವತ್ತರ ದಶಕದಲ್ಲಿ ಸರ್ಕಾರ ಆಮದನ್ನು ಬಿಗಿಗೊಳಿಸಿತು. ಬೈಕು ಬೇಕಿದ್ದರೆ ಇಲ್ಲೇ ಮಾಡಿ ಎಂಬ ಕಾಲ ಅದು. ಮದರಾಸಿನಲ್ಲಿ ಎನ್‌ಫೀಲ್ಡ್ 1955ರಲ್ಲಿ ಬೇರೂರಿತು. ಪೋಲೆಂಡಿನ ವಿನ್ಯಾಸದ ರಾಜದೂತ್ ಅರವತ್ತರ ದಶಕದ ಮೊದಲಲ್ಲಿ ಬಂತು. ಇವೆರಡರ ನಡುವೆ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ 1960ರಲ್ಲಿ ಮೈಸೂರಿನಲ್ಲಿ 'ಐಡಿಯಲ್ ಜಾವಾ' ಕಂಪನಿ ಕಟ್ಟಿದರು. ಕಾರ್ಖಾನೆ ಎದ್ದದ್ದು ಯಾದವಗಿರಿಯಲ್ಲಿ. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರೇ ಅದನ್ನು ಉದ್ಘಾಟಿಸಿದರು. 1961ರಿಂದ ಗಾಡಿಗಳು ಹೊರಬರತೊಡಗಿದವು.

ಕೊಡಗಿನ ಮಟ್ಟಿಗೆ ಇದೊಂದು ಹೊಸ ನಂಟು. 1956ರ ತನಕ ಕೊಡಗು ಪ್ರತ್ಯೇಕ ರಾಜ್ಯ. ವಿಲೀನವಾಗಿ ಐದೇ ವರ್ಷಕ್ಕೆ, ನೂರು ಮೈಲಿಗೂ ಕಡಿಮೆ ದೂರದ ಮೈಸೂರಿನಲ್ಲಿ, ನಮ್ಮ ಏರುಗಳನ್ನು ಹತ್ತಬಲ್ಲ ಗಾಡಿ ತಯಾರಾಗತೊಡಗಿತು. ಕೆಟ್ಟರೆ ಬಿಡಿಭಾಗ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ತರಬಹುದಿತ್ತು. ಸೋಮವಾರಪೇಟೆ, ಸಕಲೇಶಪುರ, ಮೂಡಿಗೆರೆಯ ಕಡೆಯ ಸಣ್ಣ ಬೆಳೆಗಾರರು ಜಾವಾ ಹಿಡಿದದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ಲೆಕ್ಕ. ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ಜಾವಾ ಹೆಸರು ಹೋಗಿ 'ಯೆಜ್ಡಿ' ಬಂತು. ಇರಾನಿನ ಯಜ್ದ್ ಪಟ್ಟಣದ ನೆನಪಿಗೆ ಇಟ್ಟ ಹೆಸರು ಎನ್ನುವವರಿದ್ದಾರೆ, ಚೆಕ್ ಭಾಷೆಯಲ್ಲಿ ಸವಾರಿ ಮಾಡು ಎಂಬರ್ಥದ ಮಾತು ಎನ್ನುವವರೂ ಇದ್ದಾರೆ. ನಮ್ಮ ಕಡೆ ಮಾತ್ರ ಟ್ಯಾಂಕಿನ ಮೇಲೆ ಏನೇ ಬರೆದಿರಲಿ, ಹಳಬರ ಬಾಯಲ್ಲಿ ಅದು ಜಾವಾನೇ.

ಈ ಎಂಜಿನ್ನಿನ ಸ್ವಭಾವವನ್ನೂ ಸ್ವಲ್ಪ ಹೇಳಬೇಕು, ಮುಂದಿನ ಕಥೆ ನಿಂತಿರುವುದು ಅದರ ಮೇಲೆ. ಇದು ಟು ಸ್ಟ್ರೋಕ್. 65 ಮಿ.ಮೀ. ಅಗಲದ ಪಿಸ್ಟನ್ 75 ಮಿ.ಮೀ. ಮೇಲೆ ಕೆಳಗೆ ಓಡುತ್ತದೆ. ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಸ್ಟಾರ್ಟ್ ಮಾಡಿದ ಮೇಲೆ ಅದನ್ನೇ ಮುಂದಕ್ಕೆ ಬಗ್ಗಿಸಿದರೆ ಗೇರ್. ಕ್ಲಚ್ ಹಿಡಿಯದೆ ಕಾಲಿನಲ್ಲೇ ಗೇರ್ ಬದಲಿಸಬಹುದು, ಲಿವರ್ ಒತ್ತಿದರೆ ಕ್ಲಚ್ ತಾನಾಗಿ ಬಿಡುತ್ತದೆ. ಟು ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು ಗಾಳಿಯ ಮಿಶ್ರಣ ನೇರ ಸಿಲಿಂಡರಿಗೆ ಹೋಗುವುದಿಲ್ಲ. ಮೊದಲು ಕೆಳಗಿನ ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ, ಮೇಲೆ ಏರುತ್ತದೆ. ಹಾಗಾಗಿ ಅಲ್ಲಿ ಬೇರೆಯಾಗಿ ಎಣ್ಣೆ ತುಂಬಿಡುವಂತಿಲ್ಲ. ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು, ಲೀಟರಿಗೆ ಸುಮಾರು 40 ಮಿ.ಲೀ. ಬೇರಿಂಗಿಗೂ ಪಿಸ್ಟನ್ನಿಗೂ ಅದೇ ಜೀವ. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಕಾದು, ಹಿಗ್ಗಿ, ಸಿಲಿಂಡರನ್ನು ಕಚ್ಚಿಕೊಂಡು ನಿಲ್ಲುತ್ತದೆ. ನಮ್ಮ ಕಡೆ ಅದಕ್ಕೆ 'ಜಾಮ್ ಆಯ್ತು' ಎನ್ನುತ್ತಾರೆ.

ಅಪ್ಪನ ಬಳಿ ಎಣ್ಣೆ ಅಳೆಯಲು ಒಂದು ಔಷಧಿ ಬಾಟಲಿ ಇತ್ತು. ಅದಕ್ಕೆ ಮೊಳೆಯಿಂದ ಗೀರು ಹಾಕಿದ್ದರು. ಆ ಬಾಟಲಿ ಈಗಲೂ ಇದೆ.

ಎಂಜಿನ್ನನ್ನು ಚೌಕಟ್ಟಿನಿಂದ ಇಳಿಸಿ ಮರದ ಪೆಟ್ಟಿಗೆಯ ಮೇಲಿಟ್ಟು ಹೆಡ್ ಬಿಚ್ಚಿದೆ. ಸಿಲಿಂಡರ್ ಮೇಲೆತ್ತಲು ಮೂರು ದಿನ ಸೀಮೆಎಣ್ಣೆ, ಡೀಸೆಲ್ ಬಿಟ್ಟು ನೆನೆಸಬೇಕಾಯಿತು. ಮರದ ಕೊಡತಿಯಿಂದ ಮೆಲ್ಲಗೆ ತಟ್ಟುತ್ತಾ ಎತ್ತಿದಾಗ ಪಿಸ್ಟನ್ನಿನ ಮುಂಭಾಗದಲ್ಲಿ, ಸೈಲೆನ್ಸರಿನ ಕಡೆ, ಉದ್ದುದ್ದ ಗೀರುಗಳು ಕಂಡವು. ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಸಿಲಿಂಡರಿನ ಗೋಡೆಗೆ ಮೆತ್ತಿಕೊಂಡಿತ್ತು. ಗಾಡಿ ನಿಂತು ನಿಂತು ತುಕ್ಕು ಹಿಡಿದದ್ದಲ್ಲ ಇದು, ಓಡುತ್ತಿರುವಾಗ ಜಾಮ್ ಆದದ್ದು.

ಪಿಸ್ಟನ್ ತಂದು ಅಪ್ಪನ ಕೈಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ಹೆಬ್ಬೆರಳಿನಿಂದ ಗೀರು ಸವರಿ, ಪಕ್ಕಕ್ಕಿಟ್ಟರು. ಅಂದು ಏನೂ ಹೇಳಲಿಲ್ಲ. ಮರುದಿನ ಕಾಫಿ ಕುಡಿಯುವಾಗ ತಾವಾಗಿ ಹೇಳಿದರು.

1995ರ ಜುಲೈ. ಅಜ್ಜಿಗೆ ಎದೆನೋವು. ಊರಿನ ಡಾಕ್ಟರ್ ಇರಲಿಲ್ಲ. ಮಳೆಗೆ ಮರ ಬಿದ್ದು ಫೋನ್ ಕೆಟ್ಟಿತ್ತು. ಸೋಮವಾರಪೇಟೆಯಿಂದ ಡಾಕ್ಟರನ್ನು ಕರೆತರಲು ಅಪ್ಪ ರಾತ್ರಿ ಹೊರಟರು. ಟ್ಯಾಂಕಿನಲ್ಲಿ ಪೆಟ್ರೋಲ್ ಇರಲಿಲ್ಲ. ಸ್ಪ್ರೇ ಮಾಡುವ ಮೋಟರಿಗೆಂದು ಇಟ್ಟಿದ್ದ ಕ್ಯಾನಿನಿಂದ ಸುರಿದುಕೊಂಡರು. ಕರೆಂಟ್ ಇಲ್ಲ, ಬಾಟಲಿಯ ಗೀರು ಕಾಣಲಿಲ್ಲ, ಎಣ್ಣೆಯನ್ನು ಅಂದಾಜಿನಲ್ಲಿ ಸುರಿದರು. ದಾರಿಯ ಏರಿನಲ್ಲಿ ಗಾಡಿ ಜಾಮ್ ಆಯಿತು. ಅರ್ಧ ಗಂಟೆ ಮಳೆಯಲ್ಲಿ ನಿಂತು, ಎಂಜಿನ್ ತಣಿದ ಮೇಲೆ ಹೇಗೋ ಸ್ಟಾರ್ಟ್ ಮಾಡಿ ನಿಧಾನವಾಗಿ ಹೋದರು. ಡಾಕ್ಟರ್ ತಮ್ಮ ಕಾರಿನಲ್ಲೇ ಬಂದರು. ಅಷ್ಟರಲ್ಲಿ ಅಜ್ಜಿ ಹೋಗಿದ್ದರು.

ನನಗಾಗ ಹನ್ನೆರಡು ವರ್ಷ. ಅಜ್ಜಿಯ ಸಾವು ನೆನಪಿದೆ, ಜನ ಸೇರಿದ್ದು ನೆನಪಿದೆ. ಬೈಕಿನ ವಿಷಯ ಯಾರೂ ಎತ್ತಿರಲಿಲ್ಲ. "ಎಣ್ಣೆ ಕಡಿಮೆ ಹಾಕಿದ್ದೆ ಕಣೋ" ಎಂದರು ಅಪ್ಪ. ಮೂವತ್ತು ವರ್ಷ ಅವರು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಅದು.

ಜೀಪಿನ ಕಥೆಯೂ ಸುಳ್ಳಲ್ಲ. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಗಾರ ತನ್ನ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಬೇಕಿತ್ತು, ದುಡ್ಡು ಕಂತುಕಂತಾಗಿ ಬರುತ್ತಿತ್ತು. ಅಪ್ಪನ ಕಾಲದವರು ಮದುವೆ, ಗೊಬ್ಬರ, ಸಾಲ ಎಲ್ಲವನ್ನೂ ಆ ಕಂತಿಗೆ ಹೊಂದಿಸಿಕೊಂಡವರು. 1992ರಿಂದ ಈ ಕಟ್ಟು ಹಂತಹಂತವಾಗಿ ಸಡಿಲವಾಯಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ತೋಟಗಳು ಕರಕಲಾದವು, ಪ್ರಪಂಚದಲ್ಲೆಲ್ಲ ಕಾಫಿ ಬೆಲೆ ಏರಿತು. ಕೊಡಗು, ಹಾಸನ, ಚಿಕ್ಕಮಗಳೂರಿನ ಅಂಗಳಗಳಿಗೆ ಜೀಪು, ಮಾರುತಿಗಳು ಬಂದದ್ದು ಆ ಎರಡು ಮೂರು ವರ್ಷಗಳಲ್ಲಿ. 1996ರಲ್ಲಿ ಪೂಲ್ ಪೂರ್ತಿ ಮುಗಿಯಿತು. ಅದೇ 1996ರಲ್ಲಿ ಯಾದವಗಿರಿಯ ಕಾರ್ಖಾನೆಯೂ ಬಾಗಿಲು ಹಾಕಿತು.

ಎರಡಕ್ಕೂ ಹಿಂದಿದ್ದದ್ದು ಒಂದೇ ಗಾಳಿ. ಎಂಬತ್ತರ ದಶಕದ ನಡುವಿನಲ್ಲಿ ಜಪಾನಿನ ಕೈಜೋಡಿಸಿದ 100 ಸಿಸಿ ಬೈಕುಗಳು ಬಂದವು: 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಮತ್ತು ಯಮಾಹಾ ಆರ್‌ಎಕ್ಸ್ 100. ಹಗುರ, ಕಡಿಮೆ ಪೆಟ್ರೋಲು. ಹೀರೋ ಹೋಂಡಾದ್ದು ಫೋರ್ ಸ್ಟ್ರೋಕ್, ಎಣ್ಣೆ ಬೆರೆಸುವ ರಗಳೆಯೇ ಇಲ್ಲ. ತೊಂಬತ್ತರ ದಶಕದಲ್ಲಿ ಹೊಗೆಯ ನಿಯಮಗಳು ಬಿಗಿಯಾದವು. ಮೂಲದಲ್ಲಿ ನಲವತ್ತರ ದಶಕದ್ದಾದ ಎಂಜಿನ್ ಇದನ್ನೆಲ್ಲ ತಡೆಯುವುದು ಕಷ್ಟವಿತ್ತು. 1978ರಲ್ಲಿ ಬಂದ ರೋಡ್‌ಕಿಂಗ್‌ಗೆ ಇಂದಿಗೂ ಹುಡುಗರು ಹುಚ್ಚೆದ್ದು ದುಡ್ಡು ಕೊಡುತ್ತಾರೆ, ಆದರೆ ಆ ಪ್ರೀತಿ ಬಂದದ್ದು ಕಾರ್ಖಾನೆ ಮುಚ್ಚಿದ ಮೇಲೆ. ಈಗ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಎಂದು ಊರೂರಲ್ಲಿ ಹಳೆಯ ಗಾಡಿಗಳ ಮೆರವಣಿಗೆ ನಡೆಯುತ್ತದೆ. 2018ರಲ್ಲಿ ಜಾವಾ ಹೆಸರು ಮಹೀಂದ್ರಾ ಬಳಗದ ಕಂಪನಿಯಿಂದ ಮತ್ತೆ ರಸ್ತೆಗೆ ಬಂತು, 2022ರಲ್ಲಿ ಯೆಜ್ಡಿಯೂ ಬಂತು. ಆ ಹೊಸ ಗಾಡಿಗಳು ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ. ಎಂಜಿನ್ನೂ ಫೋರ್ ಸ್ಟ್ರೋಕ್.

ಸಿಲಿಂಡರ್ ಬೋರ್ ಮಾಡಿಸಲು ಮೈಸೂರಿಗೇ ಹೋದೆ. ಕ್ರ್ಯಾಂಕನ್ನೂ ಗೋಣಿಚೀಲದಲ್ಲಿ ಸುತ್ತಿಕೊಂಡು ಹೋಗಿದ್ದೆ. ಲೇತ್ ಅಂಗಡಿಯವರು ಒಬ್ಬ ಹಿರಿಯರನ್ನು ತೋರಿಸಿದರು. ಯಾದವಗಿರಿಯ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಎಂಜಿನ್ ಜೋಡಿಸಿದವರು. ಕನ್ನಡಕ ಹಣೆಗೇರಿಸಿ ಪಿಸ್ಟನ್ ನೋಡಿದರು. ನಾನು ಅಪ್ಪನ ಕಥೆ ಹೇಳಿದೆ, ಎಣ್ಣೆ ಕಡಿಮೆಯಾಗಿ ಜಾಮ್ ಆದದ್ದು ಎಂದೆ.

"ಯಾರು ಸ್ವಾಮಿ ಹೇಳಿದ್ದು ಎಣ್ಣೆ ಕಡಿಮೆ ಅಂತ?" ಎಂದರು. ಕನೆಕ್ಟಿಂಗ್ ರಾಡಿನ ಎರಡೂ ತುದಿಯನ್ನು ಬೆಳಕಿಗೆ ಹಿಡಿದರು. "ಎಣ್ಣೆ ಇಲ್ಲದೆ ಓಡಿದ್ರೆ ಮೊದಲು ಇಲ್ಲಿ ಕಾಯಬೇಕು. ಕಬ್ಬಿಣ ನೀಲಿಗಟ್ಟಬೇಕು. ತುಕ್ಕಿದೆ, ನೀಲಿ ಇಲ್ಲ." ಆಮೇಲೆ ಡೈನಮೋ ಕಡೆಯ ಆಯಿಲ್ ಸೀಲ್ ಎಲ್ಲಿ ಎಂದು ಕೇಳಿದರು. ನಾನು ಕಿತ್ತು ಡಬ್ಬಿಯಲ್ಲಿ ಹಾಕಿದ್ದೆ. ರಬ್ಬರು ಕಲ್ಲಿನಂತಾಗಿತ್ತು, ತುಟಿ ಸವೆದು ಚಪ್ಪಟೆಯಾಗಿತ್ತು. ಅದರ ಕೆಳಗೆ ಕೂರುವ ಜಾಗದಲ್ಲಿ ಶಾಫ್ಟ್ ಸುತ್ತ ಸಣ್ಣ ಕಾಲುವೆಯಂತೆ ಸವೆದದ್ದನ್ನು ಉಗುರಿನಿಂದ ಮುಟ್ಟಿ ತೋರಿಸಿದರು. "ಗಾಳಿ ಎಳೆದಿದೆ ಇಲ್ಲಿಂದ. ಗಾಳಿ ಜಾಸ್ತಿಯಾದ್ರೆ ಪೆಟ್ರೋಲ್ ಕಡಿಮೆ, ಪೆಟ್ರೋಲಿನ ಜೊತೆ ಎಣ್ಣೆನೂ ಕಡಿಮೆ. ಏರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟಿದ್ದಾರೆ, ಪಿಸ್ಟನ್ ಹಿಡಿದಿದೆ. ಬಾಟಲಿ ಗೀರಿಗೆ ಸರಿಯಾಗಿ ಅಳೆದು ಹಾಕಿದ್ರೂ ಹಿಡಿಯೋದೇ."

ಮೂವತ್ತು ವರ್ಷ ಮೂಲೆಯಲ್ಲಿದ್ದ ರಬ್ಬರು 1995ರಲ್ಲೂ ಹೀಗೇ ಇತ್ತೆಂದು ಆಣೆ ಮಾಡಿ ಹೇಳಲು ಬರುವುದಿಲ್ಲ, ಅದನ್ನು ಅವರಿಗೂ ಹೇಳಿದೆ. "ರಬ್ಬರಿಗೆ ಬರಲ್ಲ, ಶಾಫ್ಟಿಗೆ ಬರುತ್ತೆ" ಎಂದರು. "ನಿಂತ ಗಾಡಿ ಶಾಫ್ಟ್ ಸವೆಸಲ್ಲ."

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಬಣ್ಣದ ವಿಷಯವನ್ನೂ ಕೇಳಿದೆ. ಎಂಜಿನ್ ಕವಚಕ್ಕೆ ಸ್ಯಾಂಡ್ ಬ್ಲಾಸ್ಟ್ ಮಾಡಿಸಿದರೆ ಹೊಸದರಂತಾಗುತ್ತದೆ ಎಂದು ಯಾರೋ ಹೇಳಿದ್ದರು. ಮೇಸ್ತ್ರಿಗಳು ಕೈ ಮುಗಿದರು. ಮರಳಿನ ಒಂದು ಕಾಳು ಸಂದಿಯಲ್ಲಿ ಉಳಿದರೂ ಅದು ಮಿಶ್ರಣದ ಜೊತೆ ಬೇರಿಂಗಿಗೆ ಹೋಗುತ್ತದೆ, ಮತ್ತೆ ಇದೇ ಹಾಡು. ಕೈಯಲ್ಲೇ ಉಜ್ಜಿ ಎಂದರು.

ಕೈಯಲ್ಲೇ ಉಜ್ಜಿದೆ. ಕವಚದ ಅಲ್ಯೂಮಿನಿಯಂಗೆ ಬಣ್ಣ ಹೊಡೆಯಲಿಲ್ಲ, ಸೀಮೆಎಣ್ಣೆಯಲ್ಲಿ ತೊಳೆದು, ವಾಟರ್ ಪೇಪರ್ ಹಿಡಿದು, ಪಾಲಿಶ್ ಹಾಕಿದೆ. ಸಿಲಿಂಡರ್ ಎರಕದ ಕಬ್ಬಿಣದ್ದು, ನಮ್ಮ ಮಳೆಗೆ ಒಂದೇ ವಾರದಲ್ಲಿ ಕೆಂಪಾಗುತ್ತದೆ. ಅದಕ್ಕೆ ಬಣ್ಣ ಬೇಕೇ ಬೇಕು. ಅದಕ್ಕಿಂತ ಹಿಂದಿನ ಜುಲೈನಲ್ಲಿ ಆತುರಕ್ಕೆ ಬಿದ್ದು ಟೂಲ್‌ಬಾಕ್ಸಿನ ಮುಚ್ಚಳಕ್ಕೆ ಬಣ್ಣ ಹೊಡೆದು ಕೆಡಿಸಿಕೊಂಡಿದ್ದೆ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಮಳೆಗಾಲದ ತೇವ ಅದರ ಮೇಲೆ ಕೂರುತ್ತದೆ, ಬಣ್ಣ ಹಾಲಿನಂತೆ ಬೆಳ್ಳಗಾಗುತ್ತದೆ. ಕಾಫಿ ಒಣಗುವ ಹವೆಯಲ್ಲೇ ಬಣ್ಣವೂ ಒಣಗುವುದು ಎಂಬ ಬುದ್ಧಿ ಆಮೇಲೆ ಬಂತು.

ಈ ಸಲ ತಂದದ್ದು ಬಿಸಿ ತಡೆಯುವ ಸಿಲಿಕೋನ್ ಪೇಂಟು. ಗೇಟಿನ ಬಣ್ಣ ಯಾಕೆ ಸುಟ್ಟಿತೆಂದರೆ ಎನಾಮೆಲ್ ಆ ಕಾವನ್ನು ತಡೆಯುವುದಿಲ್ಲ. ಇದು ಉಲ್ಟಾ, ಕಾವು ಸಿಕ್ಕದೆ ಗಟ್ಟಿಯೇ ಆಗುವುದಿಲ್ಲ. ಸಿಲಿಂಡರನ್ನು ಥಿನ್ನರಿನಲ್ಲಿ ಎರಡು ಸಲ ಒರೆಸಿದೆ. ಪ್ಯಾಕಿಂಗ್ ಕೂರುವ ಮುಖಗಳಿಗೆ ಟೇಪ್ ಅಂಟಿಸಿದೆ. ಅಲ್ಲಿ ಬಣ್ಣ ಬಿದ್ದು ಏರುಪೇರಾದರೆ ಗಾಳಿ ಸೋರುತ್ತದೆ, ಗಾಳಿ ಸೋರಿದರೆ ಏನಾಗುತ್ತದೆಂದು ಈಗ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ತೆಳ್ಳಗೆ ಮೂರು ಕೋಟ್ ಹೊಡೆದೆ. ದಪ್ಪ ಹೊಡೆದರೆ ಬಣ್ಣವೇ ಕಂಬಳಿಯಾಗಿ ಶಾಖ ಹೊರಗೆ ಬಿಡದು. ಕಪ್ಪು ಬಣ್ಣ ಬೇಗ ತಣಿಸುತ್ತದೆ ಎನ್ನುವುದು ತತ್ವದಲ್ಲಿ ಸರಿ, ಆದರೆ ಓಡುವ ಗಾಡಿಯಲ್ಲಿ ಬಹುಪಾಲು ಕೆಲಸ ಮಾಡುವುದು ಎದುರು ಬೀಸುವ ಗಾಳಿ. ಬಣ್ಣ ಯಾವುದಿರಲಿ ಎಂದು ಅಪ್ಪನನ್ನೇ ಕೇಳಿದೆ. "ಕಪ್ಪೇ ಇರಲಿ. ಹಸಿರು ಬೇಡ" ಎಂದರು. ಒಂದು ದಿನ ಕಣದ ಬಿಸಿಲಿನಲ್ಲಿ, ಕಾಫಿಯ ಪಕ್ಕದಲ್ಲೇ, ಸಿಲಿಂಡರ್ ಒಣಗಿತು.

ಮೇಸ್ತ್ರಿಗಳು ಹೇಳಿದ್ದನ್ನು ಅಪ್ಪನಿಗೆ ಹೇಳಿದ್ದು ಅದೇ ಸಂಜೆ. ಸೀಲನ್ನೂ ಬಿಚ್ಚಿದ ಹಳೆಯ ಶಾಫ್ಟನ್ನೂ ಎದುರಿಗಿಟ್ಟು, ಎಲ್ಲಿ ಸವೆದಿದೆ ಎಂದು ತೋರಿಸಿದೆ. ಉಗುರಿನಿಂದ ಮುಟ್ಟಿ ನೋಡಿದರು. ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಅದಕ್ಕೆ ಎರಡು ತಿಂಗಳು ಮುಂಚೆನೇ ಸ್ಟಾರ್ಟಿಂಗ್ ತ್ರಾಸ ಕೊಡ್ತಿತ್ತು. ಕೊಯ್ಲು ಆದ್ಮೇಲೆ ನೋಡಿಸೋಣ ಅಂತಿದ್ದೆ" ಎಂದರು. ಹೊರೆ ಇಳಿಯಿತೋ, ಒಂದು ಹೆಗಲಿನಿಂದ ಇನ್ನೊಂದಕ್ಕೆ ಹೋಯಿತೋ ನನಗೆ ತಿಳಿಯಲಿಲ್ಲ. ಸೀಲ್ ಒಡೆದಿದ್ದರೂ ಡಾಕ್ಟರ್ ಅರ್ಧ ಗಂಟೆ ಮೊದಲು ಬಂದಿದ್ದರೂ ಅಜ್ಜಿ ಉಳಿಯುತ್ತಿದ್ದರೇ ಎಂಬುದನ್ನು ಯಾವ ಎಂಜಿನ್ನೂ ಹೇಳುವುದಿಲ್ಲ.

ಮಾರ್ಚಿನ ಎರಡನೇ ಶನಿವಾರ, ಸಂತೆಯ ದಿನ, ಎಂಜಿನ್ ಕೂರಿಸಿದೆವು. ಹೊಸ ಸೀಲ್, ಹೊಸ ಪಿಸ್ಟನ್, ಬೋರ್ ಮಾಡಿಸಿದ ಸಿಲಿಂಡರ್. ಎಣ್ಣೆಯನ್ನು ಅಪ್ಪನೇ ಅಳೆದರು. ಔಷಧಿ ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಬೆಳಕಿಗೆ ತಿರುಗಿ, ಗೀರಿನ ತನಕ ಸುರಿದು, ಮತ್ತೊಮ್ಮೆ ನೋಡಿದರು. ಏಳನೇ ಕಿಕ್ಕಿಗೆ ಎಂಜಿನ್ ಹಿಡಿಯಿತು. ಅಂಗಳ ತುಂಬಾ ಬಿಳಿ ಹೊಗೆ. ಹೊಸ ಬಣ್ಣ ಕಾದು ಗಟ್ಟಿಯಾಗಬೇಕಿದ್ದರಿಂದ ಹತ್ತು ನಿಮಿಷ ಓಡಿಸಿ ನಿಲ್ಲಿಸಿದೆವು, ಪೂರ್ತಿ ತಣಿಯಲು ಬಿಟ್ಟು ಇಪ್ಪತ್ತು ನಿಮಿಷ ಓಡಿಸಿದೆವು. ಬಣ್ಣ ಬೇಯುವ ಕಮಟು ವಾಸನೆಗೆ ಅವ್ವ ಮೂಗು ಮುಚ್ಚಿಕೊಂಡು ಒಳಗೆ ಹೋದರು.

ಅಪ್ಪ ಅಷ್ಟೂ ಹೊತ್ತು ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಹಳೆಯ ಪಿಸ್ಟನ್ನನ್ನು ಗುಜರಿಗೆ ಹಾಕಲು ಬಿಡಲಿಲ್ಲ. ಅದೀಗ ಅವರ ಕೋಣೆಯ ಕಿಟಕಿಯಲ್ಲಿದೆ, ಬಾಟಲಿಯ ಪಕ್ಕದಲ್ಲಿ. ಹೋದ ವಾರ ನೋಡಿದರೆ ಅದರ ಮೇಲೆ ಕನ್ನಡಕ ಇಟ್ಟಿದ್ದರು.